ಮೂವತ್ತೇಳರ ಬಣ್ಣ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಮಂಡಿನೋವು ಈಗ ಹೇಗಿದೆ? ಎರಡು ಪತ್ರ ಬಂದರೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರೆಯಲು ಮುಖವಿರಲಿಲ್ಲ.

ಅಪ್ಪನ ಹುಟ್ಟುಹಬ್ಬಕ್ಕೆಂದು ಉಗಿ ಇಂಜಿನ್ನಿನ ಪುಟ್ಟ ಮಾದರಿ ಕಿಟ್ ತರಿಸಿದ್ದೆನಲ್ಲ. ಊಟದ ಮೇಜಿನ ತುಂಬ ಅಂಟು, ತಿರುಪು, ಚಕ್ರ. ನನ್ನವಳು ತಟ್ಟೆ ಹಿಡಿದು ನಿಂತು, "ಇವತ್ತು ರೈಲನ್ನೇ ಬಡಿಸ್ಲಾ?" ಅಂದಳು. ಚಿಮಣಿಯನ್ನು ಅಪ್ಪನೇ ಕೂರಿಸಿದರು.

ಬಣ್ಣದ ಹತ್ತಿರ ಬಂದಾಗ ಜಗಳ ಶುರುವಾಯಿತು. "ಕೆಂಪು. ಪಕ್ಕದಲ್ಲಿ ಹಳದಿ ಗೆರೆ. ನಂಬರ್ ಮೂವತ್ತೇಳು," ಅಂದರು. ಅಪ್ಪ ಕೆಂಪು ಎಕ್ಸ್‌ಪ್ರೆಸ್ಸಿನ ಡ್ರೈವರ್ ಎಂದು ನಾವಿಬ್ಬರೂ ಶಾಲೆಯಲ್ಲಿ ಮೆರೆದವರೇ ತಾನೆ? ಆದರೆ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ರೈಲ್ವೆಯ ಹಳೆಯ ಪುಸ್ತಕ, ಫೋಟೊಗಳನ್ನೆಲ್ಲ ಜಾಲಾಡಿದೆ. ಮೂವತ್ತೇಳು ಹುಟ್ಟಿನಿಂದಲೂ ಕಪ್ಪು. ಯಾರ್ಡಿನೊಳಗೆ ಖಾಲಿ ಡಬ್ಬಿಗಳನ್ನು ಆಚೆಯಿಂದ ಈಚೆಗೆ ತಳ್ಳುವ ಇಂಜಿನ್ ಅದು. ಫೋಟೊ ತೋರಿಸಿದರೆ ಅಪ್ಪ ಕನ್ನಡಕ ಒರೆಸಿಕೊಂಡು, "ಹಳೇ ಫೋಟೊದಲ್ಲಿ ಎಲ್ಲಾ ಕಪ್ಪೇ ಕಾಣುತ್ತೆ ಕಣೋ" ಅಂದರು. ನಾನು ಕೇಳಲಿಲ್ಲ. ಕಪ್ಪೇ ಬಳಿದೆ.

ಮಾದರಿ ರೈಲು ಮಾಡುವವರ ಪ್ರದರ್ಶನಕ್ಕೆ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ನಮ್ಮ ಮೇಜಿನ ಬಳಿ ಬಂದವರಿಗೆಲ್ಲ, "ಇದು ಕೆಂಪಿರ್ಬೇಕಿತ್ತು. ಎಕ್ಸ್‌ಪ್ರೆಸ್ ಇಂಜಿನ್ ಇದು, ನಾನೇ ಓಡಿಸ್ತಿದ್ದೆ," ಎನ್ನುತ್ತಿದ್ದರು. ನನ್ನ ಕೆಲಸ ತಪ್ಪು ಅಂದರೆ ನಾನು ತಡೆದುಕೊಳ್ಳುತ್ತೇನೆಯೇ? ನಮ್ಮ ಮಾದರಿಯ ಬಗ್ಗೆ ಮಾತಾಡುವ ಸರದಿ ಬಂದಾಗ ಮೈಕಿನಲ್ಲೇ ಹೇಳಿಬಿಟ್ಟೆ: "ಅಪ್ಪನಿಗೆ ವಯಸ್ಸಾಯ್ತು, ಮರೆವು. ಈ ಇಂಜಿನ್ ಯಾರ್ಡ್ ಬಿಟ್ಟು ಹೊರಗೆ ಹೋಗೇ ಇಲ್ಲ." ಜನ ನಕ್ಕರು. ಅಪ್ಪನೂ ನಕ್ಕರು. ಆಮೇಲೆ ಬಾಗಿಲ ಬಳಿಯ ಕುರ್ಚಿಗೆ ಹೋಗಿ ಕೂತರು.

ಬಸ್ಸಿನಲ್ಲಿ ನನ್ನವಳು ಕೇಳಿದ್ದು ಒಂದೇ ಮಾತು. "ನಿಜ ಹೇಳೋಕೆ ಮೈಕೇ ಬೇಕಿತ್ತಾ?" ಅಂದಿನಿಂದ ನನಗೆ ನನ್ನ ಮೇಲೇ ಹೇಸಿಗೆ. ಹೆತ್ತ ಅಪ್ಪನನ್ನು ನಾಲ್ಕು ಜನರ ಎದುರು ಸುಳ್ಳುಗಾರ ಮಾಡಿದೆ ಅಕ್ಕಾ, ಅದೂ ಒಂದು ಡಬ್ಬಿ ಬಣ್ಣಕ್ಕಾಗಿ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನ್ನ ಮಂಡಿ ಬೇಗ ವಾಸಿಯಾಗಲಿ. ಮೆಟ್ಟಿಲು ಹತ್ತಿ ಬಂದು ನನ್ನ ಕಿವಿ ಹಿಂಡು.

ಇಂತಿ ನಿನ್ನ ತಮ್ಮ,
ಪುಟ್ಟ

ಮತ್ತೆ: ಇಷ್ಟೇ ಬರೆದು ಲಕೋಟೆ ಅಂಟಿಸೋಣವೆಂದಿದ್ದೆ, ಆಗಲಿಲ್ಲ. ಚಿಕ್ಕಂದಿನಲ್ಲಿ ದಿನಾ ಸಂಜೆ ಮನೆಯ ಹಿಂದಿನ ಕಿಟಕಿಯಿಂದ ಕೆಂಪು ಇಂಜಿನ್ನಿಗೆ ಕೈ ಬೀಸುತ್ತಿದ್ದೆವಲ್ಲ? ಡ್ರೈವರ್ ತಿರುಗಿ ಕೈ ಬೀಸಿದರೆ "ಅಪ್ಪ, ಅಪ್ಪ" ಎಂದು ಕುಣಿಯುತ್ತಿದ್ದೆವಲ್ಲ? ನಿನ್ನೆ ತಪ್ಪಾಯಿತೆಂದು ಹೇಳಲು ಹೋದಾಗ ಅಪ್ಪ ಅಂದರು, "ಅದರಲ್ಲಿರೋದು ನಾನೇ ಅಂತ ನೀವೇ ಅಂದ್ಕೊಂಡ್ರಿ. ಅಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಆ ಕಿಟಕೀಲಿ ನನ್ನ ಮಕ್ಕಳು ನಿಂತಿರ್ತಾರೆ, ಒಂಚೂರು ಕೈ ಬೀಸಪ್ಪಾ ಅಂತ ಆ ಡ್ರೈವರನ್ನ ಕೇಳ್ಕೊಂಡಿದ್ದೆ."

"ನೀವು ಎಲ್ಲಿರ್ತಿದ್ರಿ ಅಪ್ಪಾ?" ಎಂದೆ.

"ಪಕ್ಕದ ಹಳೀಲೇ. ಎಕ್ಸ್‌ಪ್ರೆಸ್ ದಾಟೋವರೆಗೂ ಮೂವತ್ತೇಳನ್ನ ಅಲ್ಲೇ ನಿಲ್ಲಿಸ್ಬೇಕಿತ್ತು. ಮೈಯೆಲ್ಲ ಮಸಿ. ನಾನೂ ಕೈ ಎತ್ತಿರ್ತಿದ್ದೆ. ನೀವು ಕೆಂಪಿನ ಕಡೆ ನೋಡ್ತಿದ್ರಿ."