ವಾರ್ಡಿನ ಚೀಟಿ

ಪುತ್ತೂರು
೨೦-೬-೧೯೬೨

ಭಾಗೀರಥಿಯ ಅಪ್ಪನವರಿಗೆ ಕಮಲಾವತಿಯ ನಮಸ್ಕಾರಗಳು.

ನಿಮ್ಮ ಕಾಗದವೂ, ಅದರ ಹಿಂದೆಯೇ ಬಸ್ಸಿನ ಕಂಡಕ್ಟರ್ ತಂದುಕೊಟ್ಟ ಕಫದ ಕುಪ್ಪಿಯೂ ಸೋಮವಾರ ತಲುಪಿದವು. ಕಾಗದವನ್ನು ಒಡೆಯದೆ ಎಷ್ಟೋ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ. ವರ್ಷದ ಮೇಲೆ ಬಂದ ಕಾಗದವಲ್ಲವೇ, ಕರೆದುಕೊಂಡು ಹೋಗಲು ಬರುತ್ತೇನೆಂದು ಬರೆದಿರಬಹುದು ಎಂದಿತು ಹುಚ್ಚು ಮನಸ್ಸು. ಒಡೆದು ನೋಡಿದರೆ ಒಳಗಿದ್ದದ್ದು ಅತ್ತೆಯ ಕೆಮ್ಮು. ನಾನು ಚೆನ್ನಾಗಿರಬಹುದೆಂದು ನೀವು ನಂಬಿರುವುದಾಗಿ ಕೊನೆಯಲ್ಲಿ ಒಂದು ಸಾಲು. ಆಗಲಿ, ಅಷ್ಟಾದರೂ ಬಂತು.

ಮೊದಲು ಅತ್ತೆಯ ವಿಷಯ. ಕುಪ್ಪಿಯನ್ನು ಡಾಕ್ಟರರೇ ಪರೀಕ್ಷೆ ಮಾಡಿದರು. ನೀವು ಹೆದರಿದ್ದು ನಿಜ, ಕ್ಷಯವೇ. ಅವರಿಗೆ ವಾರ್ಡಿನಲ್ಲಿ ಒಂದು ಹಾಸಿಗೆ ಕೇಳು ಎಂದು ಬರೆದಿದ್ದೀರಿ. ಕೇಳಿದೆ. ಹಾಸಿಗೆ ಬೇಡವಂತೆ. ಮನೆಯಲ್ಲೇ ಇದ್ದು ವರ್ಷವಿಡೀ ತಪ್ಪದೆ ಗುಳಿಗೆ ನುಂಗಿದರೆ ಸಾಕಂತೆ. ಇದು ಡಾಕ್ಟರರು ಸಮಾಧಾನಕ್ಕೆ ಆಡಿದ ಮಾತಲ್ಲ, ಸರಕಾರ ಹಣ ಹಾಕಿ ಕಂಡುಕೊಂಡದ್ದು. ಕಂಡುಕೊಂಡದ್ದು ನನ್ನಂಥವರಿಂದ.

ನನಗೆ ಕ್ಷಯವೆಂದು ಇಲ್ಲಿಗೆ ಕರೆತಂದ ಆ ದಿನ ನೀವೂ ಇದ್ದಿರಿ. ದೇಶದಲ್ಲಿ ಕ್ಷಯದವರು ಲಕ್ಷಗಟ್ಟಲೆ, ಆಸ್ಪತ್ರೆಯ ಹಾಸಿಗೆಗಳು ನಾಲ್ಕು ಮತ್ತೊಂದು. ಅರ್ಧ ಜನರನ್ನು ವಾರ್ಡಿನಲ್ಲಿಟ್ಟು, ಅರ್ಧ ಜನರನ್ನು ಮನೆಗೆ ಕಳುಹಿಸಿ, ಎಲ್ಲರಿಗೂ ಒಂದೇ ಗುಳಿಗೆ ಕೊಟ್ಟು ನೋಡಲು ದಿಲ್ಲಿಯಿಂದ ಹಣ ಬಂದಿದೆ ಎಂದು ಡಾಕ್ಟರರು ವಿವರಿಸಿದರು. ಯಾರು ಎಲ್ಲಿ ಎಂದು ಆರಿಸುವ ಅಧಿಕಾರ ತಮಗೂ ಇಲ್ಲ, ಮುಚ್ಚಿದ ಲಕೋಟೆಯಲ್ಲಿ ಬಂದ ಹಾಗೆ ಎಂದರು. ನನ್ನ ಲಕೋಟೆ ಒಡೆದಾಗ ಬಂದ ಚೀಟಿ ವಾರ್ಡಿನದು. ಅತ್ತೆ ಕೂಡಲೇ ಕೈಮುಗಿದರು. ಜಾಗ ಪಾಲಾಗುವಾಗ ದೈವದ ಮುಂದೆ ಚೀಟಿ ಎತ್ತಿದ ಕುಟುಂಬ ನಮ್ಮದು, ಎತ್ತಿದ ಚೀಟಿಗೆ ಎದುರಾಡಿದವರಿಲ್ಲ. "ಇವಳು ಮನೆಯಲ್ಲಿರುದು ಬೇಡ ಅಂತ ದೈವವೇ ಹೇಳಿತು. ಇನ್ನು ಎಂತ ಕೇಳ್ಲಿಕ್ಕುಂಟು?" ಅಂದರು. ಮದರಾಸಿನ ಡಾಕ್ಟರರಿಗೆ ನಮ್ಮ ಮಾತು ಅರ್ಧಂಬರ್ಧ. ಮುದುಕಿ ಸರಕಾರಕ್ಕೆ ಕೈಮುಗಿದರೆಂದು ತಿಳಿದು ತಾವೂ ಕೈಮುಗಿದರು.

ನನ್ನ ಪಕ್ಕದಲ್ಲಿ ಕೂತಿದ್ದವಳು ಕುಂಬ್ರದ ಪಾತು, ಮೂಸಕುಂಞಿ ಬ್ಯಾರಿಯ ಹೆಂಡತಿ. ಅವಳಿಗೆ ಬಂದದ್ದು ಮನೆಯ ಚೀಟಿ. ಅವಳು ಅಳುವುದೊಂದು ಬಾಕಿ. "ಮನೆಗೆ ಹೋದರೆ ಮಕ್ಕಳು ಮಲಗ್ಲಿಕ್ಕೆ ಬಿಡುದುಂಟಾ ಮಾರಾಯ್ತಿ? ನಿನ್ನದು ನನಗೆ ಕೊಡು, ನನ್ನದು ನೀನು ತೆಕ್ಕೊ" ಎಂದು ನನ್ನ ಕೈ ಹಿಡಿದಳು. ಇಬ್ಬರೂ ಹೋಗಿ ಕೇಳಿದೆವು. ಅದಲು ಬದಲು ಮಾಡಿದರೆ ಇಡೀ ಲೆಕ್ಕವೇ ಹಾಳು ಎಂದುಬಿಟ್ಟರು.

ಈಗ ಆ ಲೆಕ್ಕ ಮುಗಿದಿದೆ. ಮನೆಯಲ್ಲಿದ್ದವರು ವಾರ್ಡಿನವರಷ್ಟೇ ಗುಣವಾಗಿದ್ದಾರೆ. ಅವರ ಮನೆಮಂದಿಗೆ ರೋಗ ಹೆಚ್ಚು ಹಬ್ಬಿದ್ದೂ ಇಲ್ಲ. ಪಾತು ಬೀಡಿ ಕಟ್ಟುತ್ತಾ, ಮಕ್ಕಳಿಗೆ ಬೈಯುತ್ತಾ ಗುಣವಾದಳು, ಮೇಲಿಂದ ಇನ್ನೊಂದು ಹೆತ್ತಳು. ಇದನ್ನು ನಮಗೆಲ್ಲ ಹೇಳುವಾಗ ಡಾಕ್ಟರರ ಕಣ್ಣಲ್ಲಿ ಸಂತೋಷದ ನೀರು. ನನ್ನ ಕಣ್ಣಲ್ಲೂ ಬಂತು, ಅದು ಬೇರೆ ನೀರು. ನಾನು ಮನೆಯಲ್ಲೇ ಇರಬಹುದಿತ್ತು. ಆದರೆ ಅದು ಗೊತ್ತಾಗಬೇಕಾದರೆ ಯಾರೋ ಕೆಲವರು ಮನೆ ಬಿಡಲೇಬೇಕಿತ್ತು, ಅದರಲ್ಲಿ ನಾನೊಬ್ಬಳಾದೆ.

ನೀವು ಕೊಯಿಲದ ಸರಕಾರಿ ಫಾರ್ಮಿನಲ್ಲಿ ದನ ನೋಡಿಕೊಳ್ಳುವವರು. ಎರಡು ಸಾಲು ದನಗಳಿಗೆ ಬೇರೆ ಬೇರೆ ಹಿಂಡಿ ಹಾಕಿ ಯಾವುದು ಹೆಚ್ಚು ಹಾಲು ಕೊಡುತ್ತದೆಂದು ನೋಡುತ್ತೀರಿ. ಎಡಗಡೆಯ ಸಾಲಿಗೆ ಬಂದ ದನ ಪಾಪ ಮಾಡಿ ಅಲ್ಲಿಗೆ ಬಂತೆಂದು ನೀವು ಹೇಳುವುದಿಲ್ಲವಲ್ಲ? ಇಷ್ಟನ್ನು ಅತ್ತೆಗೆ ಹೇಳುವ ಬಾಯಿ ನಿಮಗೆ ಯಾಕೆ ಬರಲಿಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸಿಟ್ಟಿನಿಂದಲೇ ಯೋಚಿಸಿದ್ದೇನೆ.

ಸರಕಾರವನ್ನು ನಾನು ದೂರುವುದಿಲ್ಲ. ಅವರು ತಮಗೆ ಗೊತ್ತಿಲ್ಲವೆಂದು ಹೇಳಿಯೇ ಕೇಳಿಕೊಂಡರು, ಒಂದು ವರ್ಷ ಇಟ್ಟುಕೊಂಡು ಗುಣಮಾಡಿ ಬಿಟ್ಟರು. ಆಮೇಲಿನ ವರ್ಷಗಳು ಸರಕಾರದ್ದಲ್ಲ, ನಮ್ಮ ಮನೆಯವು. ಬಿಡುಗಡೆಯ ದಿನ ನೀವು ಬಂದಿರಿ, ಎರಡು ಕಿತ್ತಳೆ ಕೊಟ್ಟಿರಿ, ಅಮ್ಮನ ಮನಸ್ಸು ಸ್ವಲ್ಪ ತಿಳಿಯಾಗಲಿ ಎಂದು ಹೇಳಿ ಮೂರು ಗಂಟೆಯ ಬಸ್ಸು ಹಿಡಿದಿರಿ. ಸುಳ್ಯದಲ್ಲಿ ಅಣ್ಣನ ಮನೆಗೂ ನಾನು ಹೋಗುವಂತಿರಲಿಲ್ಲ. ಅವನ ಹೆಣ್ಣುಮಕ್ಕಳು ಮದುವೆಯ ವಯಸ್ಸಿಗೆ ಬಂದಿದ್ದಾರೆ, ನಾನು ಅಲ್ಲಿ ಕೂತರೆ ಗಂಡಿನ ಕಡೆಯವರು ಮೆಟ್ಟಲು ಹತ್ತಲಾರರು. ಡಾಕ್ಟರರು ವಾರ್ಡಿನ ಅಡುಗೆಕೋಣೆಯಲ್ಲಿ ಕೆಲಸ ಕೊಟ್ಟರು, ಹಿಂದುಗಡೆ ಒಂದು ಕೋಣೆಯನ್ನೂ ಕೊಟ್ಟರು.

ಇಲ್ಲಿ ಯಾರೂ ಕೆಟ್ಟವರಲ್ಲ. ಆದರೆ ತುಳು ಆಡುವವರು, ಬ್ಯಾರಿ ಆಡುವವರು ಬೇಕಾದಷ್ಟು. ನಮ್ಮ ಮನೆಮಾತಾದ ಅರೆಭಾಷೆ ಆಡುವವರು ಯಾರೂ ಇಲ್ಲ. ಪರೀಕ್ಷೆಗೆಂದು ಗೂಡಿನಲ್ಲಿ ಬಾಲವಿಲ್ಲದ ಇಲಿಗಳನ್ನು ಸಾಕಿದ್ದಾರೆ, ಮೊಲದ ಮರಿಯ ಹಾಗಿವೆ. ಸಂಜೆ ಅವಕ್ಕೆ ಹುಲ್ಲು ಹಾಕುವವಳು ನಾನು. ಆಗ ಅರೆಭಾಷೆಯಲ್ಲೇ ಮಾತಾಡುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆಂಬ ಹೆದರಿಕೆ. ಮಗಳು ಭಾಗೀರಥಿಯ ಹೆಸರನ್ನು ಒಂದಕ್ಕೆ ಇಟ್ಟಿದ್ದೆ. ಅದನ್ನು ಪರೀಕ್ಷೆಗೆ ಒಯ್ದ ಮೇಲೆ ಯಾವುದಕ್ಕೂ ಹೆಸರಿಟ್ಟಿಲ್ಲ.

ಅತ್ತೆಗೆ ಹಟ್ಟಿಯ ಹತ್ತಿರ ಬೇರೆ ಗುಡಿಸಲು ಕಟ್ಟಿಸುತ್ತೇನೆಂದು ಬರೆದಿದ್ದೀರಿ. ಖಂಡಿತ ಬೇಡ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ, ಉಗುಳುವುದಕ್ಕೆ ಮುಚ್ಚಳದ ಡಬ್ಬಿ ಇಡಿ, ಭಾಗೀರಥಿಯನ್ನು ಒಮ್ಮೆ ಪರೀಕ್ಷೆಗೆ ಕರೆತನ್ನಿ, ಅಷ್ಟೇ. ವಯಸ್ಸಾದ ಜೀವ, ಮನೆಯೊಳಗೆ ತಮ್ಮ ಜಾಗದಲ್ಲೇ ಮಲಗಲಿ. ಮನೆಯಿಂದ ಹೊರಗೆ ಮಲಗುವುದು ಹೇಗಿರುತ್ತದೆಂದು ನನಗೆ ಗೊತ್ತು, ಅದು ಅವರಿಗೆ ಬರುವುದು ಬೇಡ. ಮುಂದಿನ ವಾರದಿಂದ ಪ್ರತಿ ಶುಕ್ರವಾರ ಇಲ್ಲಿಂದ ಒಬ್ಬರು ಗುಳಿಗೆ ತರುತ್ತಾರೆ. ಮಳೆಯಲ್ಲಿ ನಡೆದು ಬರುವವರು, ಒಂದು ಲೋಟ ಬಿಸಿನೀರಾದರೂ ಕೊಡಿ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ತಿಳಿಸಲು ಧೈರ್ಯವಾಗದಿದ್ದರೆ ಬಿಡಿ.

ಇತಿ,
ನಿಮ್ಮ ಮನೆಯ
ಕಮಲಾವತಿ

ತಾ.ಕ.: ಗುಳಿಗೆ ತರುವವರು ಯಾರೆಂದು ಮೇಲೆ ಬರೆಯಲು ಕೈ ಬರಲಿಲ್ಲ. ಮನೆಮನೆಗೆ ಗುಳಿಗೆ ಮುಟ್ಟಿಸುವುದಕ್ಕೆ ಈ ವರ್ಷ ದಿಲ್ಲಿಯಿಂದ ಬೇರೆಯೇ ಹಣ ಬಂದಿದೆ. ನಮ್ಮ ಮನೆಯಿರುವ ಕಡಬದ ದಾರಿ ನನ್ನದು. ಅವರು ಕೊಟ್ಟದ್ದಲ್ಲ, ನಾನೇ ಕೇಳಿ ಪಡೆದದ್ದು. ಅತ್ತೆ ಗುಳಿಗೆ ನುಂಗುವುದನ್ನು ಕಣ್ಣಾರೆ ನೋಡಿ ಬರಬೇಕೆಂದು ನಿಯಮ. ಜಗಲಿಯಲ್ಲೇ ನಿಲ್ಲುತ್ತೇನೆ, ಒಳಗೆ ಕರೆಯಬೇಕೆಂದಿಲ್ಲ. ಭಾಗೀರಥಿಗೆ ಮಾತ್ರ ಬರುವವಳು ಯಾರೆಂದು ನೀವೇ ಮೊದಲು ಹೇಳಿಡಿ. ಅವಳು ಕೇಳಿದರೆ ನನ್ನಿಂದ ಸುಳ್ಳು ಹೇಳಲಾಗದು.