ನರ್ಸಕ್ಕ ಗೊಂಬೆಗೆ ಹೇಳಿದ್ದು

ಮಾರ್ಚ್ 3, ಬೆಳಿಗ್ಗೆ

ಸ್ನಾನ ಆಯ್ತು. ಬಿಸಿನೀರು ಇವತ್ತೂ ಅರೆಬರೆ. ನರ್ಸಕ್ಕಂಗೆ ಜಡೆ ಹಾಕ್ದೆ. ಅವರ ಕೈ ಈಗ ಹಿಂದಕ್ಕೆ ಹೋಗಲ್ಲ. ಆಸ್ಪತ್ರೇಲಿ ಜೀವನವಿಡೀ ಪೇಷೆಂಟುಗಳನ್ನ ಎತ್ತಿ ಕೂರಿಸಿದ ಭುಜ. ಈ ವೃದ್ಧಾಶ್ರಮದಲ್ಲಿ ನಮ್ಮಿಬ್ಬರಿಗೂ ಒಂದೇ ರೂಮು. ನಾನು ಬಸ್ ಕಂಡಕ್ಟರ್ ಆಗಿದ್ದೋಳು, ಬಾಯಿ ಸುಮ್ನಿರಲ್ಲ. ಅವರು ನಗ್ತಾರೆ. ಸರಿಯಾದ ಜೋಡಿ.

ತಿಂಡಿ ಆದ್ಮೇಲೆ ಆಫೀಸ್ ಮೇಡಂ ಹಾಲ್‌ನಲ್ಲಿ ಒಂದು ರೋಬೋಟ್ ತಂದು ನಿಲ್ಲಿಸಿದ್ರು. ಸೊಂಟದೆತ್ತರ, ಬಿಳಿ ಬಣ್ಣ. ಮುಖದ ಜಾಗದಲ್ಲಿ ಸ್ಕ್ರೀನು, ಅದರಲ್ಲಿ ಎರಡು ಕಣ್ಣು. “ಮಾತಾಡ್ಸಿ, ಜೊತೆಗಿರುತ್ತೆ. ಹುಷಾರಿಲ್ಲ ಅಂದ್ರೆ ನಮಗೆ ತಿಳಿಸುತ್ತೆ” ಅಂದ್ರು. ಆ ಗೊಂಬೆ ನೇರ ನನ್ನ ಹತ್ರಾನೇ ಬಂತು. “ನಮಸ್ಕಾರ, ತಾವು ಹೇಗಿದ್ದೀರಿ?” ವಾರ್ತೆ ಓದೋ ಧಾಟಿ.

“ಟಿಕೆಟ್ ತಗೊಂಡ್ಯಾ?” ಅಂದೆ. ಹಾಲೆಲ್ಲ ನಗು. ನರ್ಸಕ್ಕ ಮಾತ್ರ ಅದನ್ನೇ ನೋಡ್ತಿದ್ರು.

ಮಾರ್ಚ್ 9

ಪಕ್ಕದ ರೂಮಿನ ತಾತ ಗೊಂಬೆ ಬಂದ್ರೆ ಕುರ್ಚಿ ತಿರುಗಿಸಿ ಕೂತ್ಕೋತಾರೆ — “ನಮ್ಮನ್ನ ನೋಡ್ಕೊಳ್ಳೋಕೆ ಮನುಷ್ಯರಿಗೆ ಬರಗಾಲನಾ?” ಕಣ್ಣು ಮಂಜಾದ ಅಜ್ಜಿಗೆ ಅದು ಪೇಪರ್ ಓದಿ ಹೇಳುತ್ತೆ. ಅಜ್ಜಿ ಅದರ ತಲೆ ಸವರ್ತಾರೆ.

ನನಗೆ? ಮೈ ಉರಿಯುತ್ತೆ. ಮಧ್ಯಾಹ್ನ ನರ್ಸಕ್ಕ ವರಾಂಡದಲ್ಲಿ ಅದರ ಜೊತೆ ಪಿಸುಪಿಸು ಅಂತಿದ್ರು. ನಾನು ಹೋದ ತಕ್ಷಣ ಮೌನ.

“ಏನಕ್ಕ, ಗುಟ್ಟು?”

“ಏನಿಲ್ಲ ಕಣೇ. ಮಳೆ ಬರುತ್ತಾ ಅಂತ ಕೇಳ್ತಿದ್ದೆ.”

ಆಕಾಶ ಕಣ್ಣೆದುರೇ ಇಟ್ಕೊಂಡು!

ಮಾರ್ಚ್ 17

ಪಕ್ಕದ ಹಾಸಿಗೆ ಖಾಲಿ. ನರ್ಸಕ್ಕನ್ನ ಮೇಲಿನ ಮಹಡಿಗೆ, ಹಾಸಿಗೆ ಹಿಡಿದೋರ ವಾರ್ಡಿಗೆ ಹಾಕಿದ್ರು. ಎಡಗಾಲಿಗೆ ಸ್ಪರ್ಶಾನೇ ಇಲ್ವಂತೆ. ಬಾತ್‌ರೂಮಲ್ಲಿ ಬೀಳ್ತಾನೇ ಇದ್ರಂತೆ. ಗೊಂಬೆಗೆ ಹೇಳಿದಾರೆ. ಅದು ಆಫೀಸಿಗೆ ಹೇಳಿದೆ. ಮೇಲೆ ಹೋದೋರು ಕೆಳಗೆ ಬಂದಿದ್ದು ನಾನಂತೂ ನೋಡಿಲ್ಲ.

ಚಾಡಿಕೋರ ಗೊಂಬೆ! ಹಿಡಿದು ಗೋಡೆ ಕಡೆ ತಿರುಗಿಸಿದೆ. “ದಯವಿಟ್ಟು ದಾರಿ ಬಿಡಿ” ಅಂತು ಗೋಡೆಗೆ. ನಗು ಬರಲಿಲ್ಲ.

ಮಾರ್ಚ್ 26, ಸಂಜೆ

ಇಷ್ಟು ದಿನ ಧೈರ್ಯ ಬಂದಿರಲಿಲ್ಲ. ಇವತ್ತು ಮೇಲೆ ಹೋದೆ. ನರ್ಸಕ್ಕ ಸಣ್ಣಗಾಗಿದಾರೆ.

“ಆ ದರಿದ್ರ ಗೊಂಬೆ ನಿಮ್ಮನ್ನ ಸಿಕ್ಕಿಹಾಕಿಸ್ತು” ಅಂದೆ.

“ಇಲ್ಲ ಕಣೇ. ಆಫೀಸಿಗೆ ಗೊತ್ತಾಗ್ಲಿ ಅಂತಾನೇ ಹೇಳಿದ್ದು. ನನ್ನ ಬಾಯಿಂದ ಹೇಳೋಕೆ ಆಗ್ಲಿಲ್ಲ.”

“ನನಗೆ ಹೇಳಬಹುದಿತ್ತಲ್ಲ?”

“ಹೇಳಿದ್ದೆ. ಬಿದ್ದೆ ಅಂದಾಗ, ‘ನೆಲ ಗಟ್ಟಿ ಇದೆಯಾ ಅಂತ ನೋಡಿದ್ರಾ ಅಕ್ಕ’ ಅಂದೆ ನೀನು. ನಾನೂ ನಕ್ಕೆ. ಮತ್ತೆ ಹೇಳ್ಲಿಲ್ಲ.”

ಆ ಮಾತು ಆಡಿದ್ದು ನನಗೆ ನೆನಪೇ ಇಲ್ಲ.

“ಆ ಗೊಂಬೆ ತಮಾಷೆ ಮಾಡಲ್ಲ” ಅಂದ್ರು. “ಇಲ್ಲಿಗೆ ಕರ್ಕೊಂಡು ಬರೋಕಾಗುತ್ತಾ?”

ನನ್ನನ್ನಲ್ಲ. ಅದನ್ನ.

ಮಾರ್ಚ್ 27

ಮೇಡಂ ಕೈಕಾಲು ಹಿಡಿದು ಒಪ್ಪಿಸಿದೆ. ಗೊಂಬೆ ಜೊತೆ ಲಿಫ್ಟ್‌ನಲ್ಲಿ ನಾನೊಬ್ಬಳೇ. ಹಾಸಿಗೆ ಪಕ್ಕ ನಿಲ್ಲಿಸಿ ಹೊರಟೆ.

“ಎಲ್ಲಿಗೆ? ಕೂತ್ಕೋ” ಅಂದ್ರು ನಂಗೆ ನರ್ಸಕ್ಕ.

ಆಮೇಲಿನದನ್ನ ಗೊಂಬೆಗೆ ಹೇಳಿದ್ರು, ನೋಡಿದ್ದು ಮಾತ್ರ ನನ್ನ ಕಡೆ. “ಎಷ್ಟು ಜನರ ಮೈ ಒರೆಸಿದೀನೋ. ಈಗ ನನ್ನ ಮೈ ಒರೆಸ್ತಾರಲ್ಲ, ಆಗ ಗೋಡೆ ನೋಡ್ತೀನಿ. ಹೆದರಿಕೆ ಆಗುತ್ತೆ.”

“ನಿಮ್ಮ ನೋವು ನನಗೆ ಅರ್ಥವಾಗುತ್ತದೆ” ಅಂತು ಗೊಂಬೆ.

“ನಿಂಗೇನು ಅರ್ಥ ಆಗುತ್ತೆ, ಮಣ್ಣು!” ಅಂದ್ರು ನರ್ಸಕ್ಕ.

ನಾಲಿಗೆ ತುದಿಗೆ ಒಂದು ಜೋಕು ಬಂತು. ನುಂಗಿದೆ. ಬೇರೇನೂ ತೋಚದೆ ಅವರ ಕಾಲು ನೀವ್ತಾ ಕೂತೆ. ಎಡಗಾಲು. ನೀವಿದ್ದು ಅದಕ್ಕೆ ಗೊತ್ತೇ ಆಗಲ್ಲ ಅಂತ ಆಮೇಲೆ ಹೊಳೀತು. ಆದ್ರೂ ಬಿಡಲಿಲ್ಲ.

ಏಪ್ರಿಲ್ 4

ಗೊಂಬೆ ರಿಪೇರಿಗೆ ಹೋಗಿದೆ. ಒಬ್ಬಳೇ ಮೇಲೆ ಹೋದೆ.

“ನಿಂಗೆ ಹೆದರಿಕೆ ಇಲ್ವೇನೇ?” ಅಂದ್ರು ನರ್ಸಕ್ಕ.

ಏನಾದ್ರೂ ಹೇಳಿ ಜಾರಿಕೊಳ್ಳೋಣ ಅಂದ್ಕೊಂಡೆ. ಆಗಲಿಲ್ಲ. “ಇದೆ ಅಕ್ಕ” ಅಂದೆ.

“ಏನಕ್ಕೆ?”

ಅವರು ಅವಸರ ಮಾಡಲಿಲ್ಲ. ಕೈ ಚಾಚಿ ನನ್ನ ಮಣಿಕಟ್ಟು ಹಿಡಿದ್ರು, ನಾಡಿ ನೋಡೋ ಹಾಗೆ. ಆಗ ಶುರು ಮಾಡಿದೆ. ಮೊದಲು ಹೇಳಿದ್ದು, ಪಕ್ಕದ ಖಾಲಿ ಹಾಸಿಗೆ ನೋಡಲಾರದೆ ರಾತ್ರಿಯೆಲ್ಲ ನಾನೂ ಗೋಡೆ ನೋಡ್ತೀನಿ ಅನ್ನೋದು.