ಬೇರೆಯವರು ತುಂಬಿದ ತೋಟಾ

ಮೈಲ್ಸ್ ಸಿಟಿ, ಮೊಂಟಾನಾ
ಫೆಬ್ರವರಿ 11, 2019

ಡ್ವೇನ್‌ಗೆ,

ನಿನ್ನ ಪತ್ರ ಮೊನ್ನೆ ತಲುಪಿತು. ನಾನು ಮನೆ ಬಿಟ್ಟ ಮೇಲೆ ನೀನು ಬರೆದ ಮೊದಲ ಪತ್ರ. ಲಕೋಟೆಯನ್ನು ಬಾಗಿಲಲ್ಲೇ ನಿಂತು ಒಡೆದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಕ್ಷಮೆ ಕೇಳಿರಬಹುದು ಎಂದುಕೊಂಡಿದ್ದೆ, ಹುಚ್ಚಿ ನಾನು. ಒಳಗಿದ್ದದ್ದು ಎರಡು ಪ್ರಶ್ನೆ. ಗುಂಡು ಹೊಡೆಯುವ ಸ್ಪರ್ಧೆಗೆ ತೋಟಾ ತುಂಬಲು ಈಗ ಯಾವ ಪ್ರೆಸ್ಸು ಯಂತ್ರ ಕೊಳ್ಳಬೇಕು, ಕೊಂಡ ಮೇಲೆ ಅದನ್ನು ಹೇಗೆ ನೋಡಿಕೊಳ್ಳಬೇಕು. ನಾನು ಹೇಗಿದ್ದೇನೆ ಎಂದು ಕೇಳಲು ಜಾಗ ಸಾಲಲಿಲ್ಲವೇನೋ. ಕಾಗದ ಅರ್ಧ ಖಾಲಿಯೇ ಇತ್ತು.

ಇರಲಿ, ಕೇಳಿದ್ದೀಯ, ಹೇಳುತ್ತೇನೆ. ಅಂಗಡಿಯವನು ನಿನಗೆ ತೋರಿಸುವುದು ನಮ್ಮಲ್ಲಿದ್ದಂಥದ್ದನ್ನೇ. ಸುತ್ತುವ ತಟ್ಟೆಯ ಮೇಲೆ ಐದು ಖಾಲಿ ತೋಟಾ ಕೂತಿರುತ್ತವೆ. ಹಿಡಿಯನ್ನು ಒಂದು ಸಲ ಎಳೆದರೆ ಒಂದಕ್ಕೆ ಮದ್ದಿಗೆ ಕಿಡಿ ಕೊಡುವ ಹೊಸ ಕೇಪು ಕೂರುತ್ತದೆ, ಮುಂದಿನದಕ್ಕೆ ಮದ್ದು ಬೀಳುತ್ತದೆ, ಅದರ ಮುಂದಿನದಕ್ಕೆ ಗುಂಡು, ಕೊನೆಯದು ತಯಾರಾಗಿ ಡಬ್ಬಿಗೆ ಉರುಳುತ್ತದೆ. ನಿನಗಿದೆಲ್ಲ ಮರೆತಿದೆ ಎಂದು ವಿವರಿಸುತ್ತಿಲ್ಲ. ಮರೆಯಬೇಕಾದರೆ ಮೊದಲು ಕಲಿತಿರಬೇಕು.

ಆ ಯಂತ್ರ ಕೊಳ್ಳಬೇಡ. ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಸಾದಾ ಪ್ರೆಸ್ಸು ತಗೋ. ನೂರು ತೋಟಾಕ್ಕೆ ಒಂದು ಭಾನುವಾರ ಪೂರ್ತಿ ಬೇಕಾಗುತ್ತದೆ. ನಿನಗೆ ಬೇಸರ ಬರುತ್ತದೆ, ಬೆನ್ನು ನೋಯುತ್ತದೆ, ಫುಟ್‌ಬಾಲ್ ಆಟ ತಪ್ಪಿಹೋಗುತ್ತದೆ. ತಪ್ಪಲಿ. ಐದು ಕಡೆ ಕಣ್ಣಿಡಬೇಕಾದ ಯಂತ್ರ ನಿನ್ನಂಥವನಿಗಲ್ಲ. ನೀನು ರೇಡಿಯೋ ಕೇಳುತ್ತಾ ಗಡ್ಡ ಹೆರೆದುಕೊಂಡರೆ ಗಲ್ಲ ಕೊಯ್ದುಕೊಳ್ಳುವ ಮನುಷ್ಯ.

ನೋಡಿಕೊಳ್ಳುವುದು ಹೇಗೆಂದು ಕೇಳಿದ್ದೀಯ. ಆ ಹತ್ತೊಂಬತ್ತು ವರ್ಷ ನಾನು ಶೆಡ್ಡಿನಲ್ಲಿ ಏನು ಮಾಡುತ್ತಿದ್ದೆ ಎಂದುಕೊಂಡಿದ್ದೆ ನೀನು? ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದು, ತಟ್ಟೆ ಬಿಚ್ಚಿ, ಅಡಿಯಲ್ಲಿ ಚೆಲ್ಲಿದ ಮದ್ದಿನ ಕಾಳುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸುತ್ತಿದ್ದೆ. ಕೇಪು ತಳ್ಳುವ ಪಟ್ಟಿಯ ಕೆಳಗೆ ಒಂದು ಕಾಳು ಸೇರಿದರೂ ಅದು ಸಿಕ್ಕಿಕೊಳ್ಳುತ್ತದೆ. ಕೀಲುಗಳಿಗೆ ಗ್ರೀಸು, ತಟ್ಟೆ ಎತ್ತುವ ಕಂಬಕ್ಕೆ ಎರಡೇ ತೊಟ್ಟು ಎಣ್ಣೆ, ಮದ್ದಿನ ದಾರಿಗೆ ಎಣ್ಣೆಯ ವಾಸನೆಯೂ ತಾಗಬಾರದು. ಕೆಲಸ ಮುಗಿದ ಮೇಲೆ ಉಳಿದ ಮದ್ದನ್ನು ಅದರದೇ ಡಬ್ಬಿಗೆ ಸುರಿಯಬೇಕು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ. ಯಾರಾದರೂ ಮಾತನಾಡಿಸಿದರೆ ಹಿಡಿಯಿಂದ ಕೈ ತೆಗೆಯಬೇಕು. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ, ಗಮನ ಬೇಕು ಅಷ್ಟೇ. ಆ ಶೆಡ್ಡಿನಲ್ಲಿ ನಾನು ಸುಖವಾಗಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ನಾನು ಹೇಳಿದಂತೆ ಕೇಳುತ್ತಿದ್ದದ್ದು ಆ ಯಂತ್ರವೊಂದೇ.

ಬೇರೆಯವರು ತುಂಬಿದ ತೋಟಾ ಹೊಡೆಯಬಾರದು ಎಂಬುದು ಕ್ಲಬ್ಬಿನಲ್ಲಿ ಎಲ್ಲರೂ ಪಾಲಿಸುವ ನಿಯಮ. ಅದಕ್ಕೇ ಗೆದ್ದಾಗಲೆಲ್ಲ ನೀನು ಪದಕ ಹಾಕಿಕೊಂಡು, "ನನ್ನ ತೋಟಾ ನಾನೇ ತುಂಬೋದಪ್ಪಾ, ಹೆಂಡ್ತಿ ಕೈಗೂ ಕೊಡಲ್ಲ" ಎನ್ನುತ್ತಿದ್ದೆ. ನಾನು ನಿನ್ನ ಪಕ್ಕದಲ್ಲೇ ನಿಂತು ಎಲ್ಲರಿಗೂ ಹ್ಯಾಮ್ ಸ್ಯಾಂಡ್‌ವಿಚ್ ಹಂಚುತ್ತಿದ್ದೆ. ಉಗುರಿನ ಸಂದಿಯಲ್ಲಿ ಕಪ್ಪು ನನಗಿತ್ತು, ನಿನಗಿರಲಿಲ್ಲ. ಯಾರೂ ನೋಡಲಿಲ್ಲ. ನೋಡಿದವಳು ನಮ್ಮ ಮಗಳು ಕೆಲ್ಸಿ ಒಬ್ಬಳೇ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಈಗ 2017ರ ಮೇ ತಿಂಗಳಿಗೆ ಬರುತ್ತೇನೆ. ನಾವಿಬ್ಬರೂ ಬಾಯಿ ಬಿಡದ ವಿಷಯ ಅದೇ ತಾನೆ. ಗುರುವಾರ ನಾನು ಅಕ್ಕನ ಮನೆಯಲ್ಲಿದ್ದೆ. ನೀನು ಫೋನ್ ಮಾಡಿದೆ. "ಕೇಪು ಸಿಕ್ಕಾಕ್ಕೊಂಡಿದೆ ಕಣೇ, ಹಿಡಿ ಕೆಳಗೂ ಬರ್ತಿಲ್ಲ ಮೇಲೂ ಹೋಗ್ತಿಲ್ಲ." ನಾನು ಹೇಳಿದೆ, "ತಟ್ಟೆ ಮೇಲಿರೋದನ್ನೆಲ್ಲ ತೆಗಿ, ಮದ್ದು ವಾಪಸ್ ಡಬ್ಬಿಗೆ ಸುರಿ, ಮೊದಲಿಂದ ಶುರು ಮಾಡು. ತಟ್ಟೇನ ಕೈಯಲ್ಲಿ ಹಿಂದಕ್ಕೆ ಮಾತ್ರ ತಿರುಗಿಸಬೇಡ." ಎರಡು ಸಲ ಹೇಳಿದೆ. "ಆಯ್ತು ಆಯ್ತು, ಪಾಠ ಸಾಕು" ಎಂದು ನೀನು ಫೋನ್ ಇಟ್ಟೆ.

ನೀನು ತಿರುಗಿಸಿದೆ. ಮದ್ದು ಬಿದ್ದಿದ್ದ ಒಂದು ತೋಟಾ ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೊಮ್ಮೆ ಮದ್ದು ತುಂಬಿಸಿಕೊಂಡಿತು. ಮದ್ದು ಹೆಚ್ಚಾದರೆ ಕೂಗಿ ಹೇಳುವ ಬಜರ್ ಅದಕ್ಕಾಗಿಯೇ ಇತ್ತು. ಅಪಘಾತವಾದ ಮೇಲೆ ಶೆಡ್ಡಿಗೆ ಹೋಗಿ ನೋಡಿದೆ, ಅದರ ಬ್ಯಾಟರಿ ಕಿಟಕಿಯ ಕಟ್ಟೆಯ ಮೇಲಿತ್ತು. ಸದ್ದು ಕಿರಿಕಿರಿಯಾಯಿತೇ ಡ್ವೇನ್?

ಶನಿವಾರ ಕ್ಲಬ್ಬಿನಲ್ಲಿ ಆ ತೋಟಾ ಹೊಡೆದಾಗ ಕೆಲ್ಸಿಯ ಕೈಯಲ್ಲಿ ಪಿಸ್ತೂಲು ಸಿಡಿಯಿತು. ಇಪ್ಪತ್ತು ವರ್ಷದ ಹುಡುಗಿ, ಕುದುರೆಗಳಿಗೆ ಲಾಳ ಹೊಡೆಯುವುದನ್ನು ಆಗಷ್ಟೇ ಕಲಿತು ಮುಗಿಸಿದ್ದಳು. ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಹೋದವು. ಮೈದಾನ ನೋಡಿಕೊಳ್ಳುವ ಗೇಲೆನ್ ಅವಳ ಕೈಗೆ ಬಟ್ಟೆ ಸುತ್ತುತ್ತಲೇ ಕೂಗಿದ, "ಯಾರು ತುಂಬಿದ್ದು ಇದನ್ನ?" ಎಲ್ಲರೂ ನಿನ್ನ ಕಡೆ ತಿರುಗಿದರು. ನೀನು ಒಂದು ಕ್ಷಣವೂ ತಡಮಾಡಲಿಲ್ಲ. "ಆರ್ಲಿಸ್. ನಮ್ಮನೇಲಿ ಎಲ್ಲಾ ಅವಳೇ ತುಂಬೋದು."

ಹತ್ತೊಂಬತ್ತು ವರ್ಷದಲ್ಲಿ ನೀನು ಆ ಮಾತನ್ನು ಜನರ ಮುಂದೆ ಹೇಳಿದ್ದು ಅದೊಂದೇ ಸಲ. ಪದಕ ಬಂದಾಗ ನಿನ್ನ ಕೈ, ಬೆರಳು ಹೋದಾಗ ನನ್ನ ಕೈ. 

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಕೆಲ್ಸಿ ಕೇಳಿದ್ದು ಎರಡೇ ಶಬ್ದ. "ಅಮ್ಮಾ, ನೀನಾ?" ನೀನು ಮಂಚದ ಕಾಲ ಬಳಿ ನಿಂತಿದ್ದೆ. ನಾನು ನಿನ್ನ ಮುಖ ನೋಡಿದೆ, ನೀನು ಕಿಟಕಿ ನೋಡಿದೆ. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಇಂದಲ್ಲ ನಾಳೆ ನೀನೇ ಹೇಳುತ್ತೀಯ ಎಂದು ಕಾದೆ. ಮಗಳ ಮುಂದೆ ಅಪ್ಪನ ಮಾನ ತೆಗೆಯುವುದು ಬೇಡ ಎಂದು ತುಟಿ ಹೊಲಿದುಕೊಂಡೆ. ವಾರ ಕಳೆಯಿತು, ತಿಂಗಳು ಕಳೆಯಿತು. ಅವಳು ನನ್ನ ಜೊತೆ ಮಾತು ಬಿಟ್ಟಳು, ನಾನು ಊರು ಬಿಟ್ಟೆ. ನೀನು ಯಂತ್ರವನ್ನು ಕಬ್ಬಿಣದ ಗುಜರಿಗೆ ಹಾಕಿದೆ ಎಂದು ಗೇಲೆನ್ ಹೇಳಿದ. ಪಾಪ, ಅದೇನು ತಪ್ಪು ಮಾಡಿತ್ತು?

ಇಷ್ಟನ್ನು ನುಂಗಿಕೊಂಡೇ ಇರುತ್ತಿದ್ದೆನೇನೋ. ಆದರೆ ನಿನ್ನ ಪತ್ರದ ಕೊನೆಯ ಸಾಲು ನುಂಗಲು ಆಗಲಿಲ್ಲ. "ಕೆಲ್ಸಿ ಎಡಗೈಯಲ್ಲಿ ಹೊಡೆಯುವುದನ್ನು ಕಲಿಯುತ್ತಿದ್ದಾಳೆ, ವಸಂತಕ್ಕೆ ಸ್ಪರ್ಧೆಗೆ ಇಳಿಯುತ್ತಾಳಂತೆ, ಈ ಸಲ ತೋಟಾ ನಾನೇ ತುಂಬಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ." ಈ ಸಲ ನಾನೇ! ಓದಿ ಒಲೆಯ ಮೇಲಿದ್ದ ಸೂಪು ತಳ ಹಿಡಿಯುವವರೆಗೂ ಕೂತಲ್ಲೇ ಕೂತಿದ್ದೆ. ಅಮ್ಮ ತುಂಬಿದ್ದು ಅಪಾಯ, ಅಪ್ಪ ತುಂಬಿದರೆ ಕ್ಷೇಮ ಎಂದು ನಂಬಿ ಆ ಮಗು ನಿನ್ನ ಡಬ್ಬಿಗೆ ಕೈ ಹಾಕಲಿದೆ. ಅವಳಿಗೆ ಉಳಿದಿರುವುದು ಒಂದೇ ಕೈ.

ಆದ್ದರಿಂದ ಕೇಳು. ಇಪ್ಪತ್ಮೂರನೇ ತಾರೀಕು ಶನಿವಾರ. ಅಷ್ಟರೊಳಗೆ ಆ ತೋಟಾ ಯಾರು ತುಂಬಿದ್ದು ಎಂದು ನೀನೇ ಅವಳಿಗೆ ಹೇಳಬೇಕು. ಆಮೇಲೂ ಹೊಡೆಯುವ ಆಸೆಯಿದ್ದರೆ ಪ್ರೆಸ್ಸನ್ನು ಅವಳೇ ಆರಿಸಲಿ, ಅವಳೇ ತುಂಬಿಕೊಳ್ಳಲಿ. ಎಡಗೈಯಲ್ಲಿ ಎಳೆಯುವ ಹಾಗೆ ಹಿಡಿಯನ್ನು ಮಗ್ಗುಲು ಬದಲಿಸಿ ಕೂರಿಸಬಹುದಾದ ಯಂತ್ರಗಳಿವೆ. ಅದನ್ನು ನೋಡಿಕೊಳ್ಳುವುದು ಹೇಗೆಂದು ಅವಳು ಕೇಳಿದರೆ ನಾನು ಹೇಳಿಕೊಡುತ್ತೇನೆ. ನಿನಗೆ ಹೇಳಬೇಕಾದದ್ದು ಇಲ್ಲಿಗೆ ಮುಗಿಯಿತು.

ಕಾಗದದ ಮೇಲೆ ಇನ್ನೂ ನಿನ್ನ ಹೆಂಡತಿಯಾಗಿರುವ,
ಆರ್ಲಿಸ್

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಬ್ಯಾಟರಿಯನ್ನು ಅಪಘಾತದ ಮೇಲೆ ನೋಡಿದೆ ಎಂದು ಬರೆದೆ. ಸುಳ್ಳು. ಹಿಂದಿನ ದಿನ, ಶುಕ್ರವಾರ, ಅಕ್ಕನ ಮನೆಯಿಂದ ಬಂದ ಕೂಡಲೇ ನೋಡಿದ್ದೆ. ನೀನು ತುಂಬಿಟ್ಟ ಇನ್ನೂರು ತೋಟಾಗಳನ್ನೂ ನೋಡಿದ್ದೆ. ಒಂದೊಂದನ್ನೂ ಒಡೆದು ಮದ್ದು ಅಳೆದು ನೋಡಬೇಕು ಎಂದು ನನಗೆ ಗೊತ್ತಿತ್ತು. ಒಡೆದರೆ ನೀನು ಊಟಕ್ಕೆ ಕೂರುತ್ತಿರಲಿಲ್ಲ, ವಾರವೆಲ್ಲ ಮುಖ ಊದಿಸಿಕೊಂಡಿರುತ್ತಿದ್ದೆ. ನನಗೆ ಸಾಕಾಗಿತ್ತು, ಹಾಗೇ ಬಿಟ್ಟೆ. ಮರುದಿನ ಬೆಳಿಗ್ಗೆ ಕೆಲ್ಸಿ ಆ ಡಬ್ಬಿ ಹಿಡಿದು ಅಡುಗೆಮನೆಗೆ ಬಂದಳು. "ಅಮ್ಮಾ, ಇದು ನೀನು ತುಂಬಿದ್ದಾ, ಅಪ್ಪಂದಾ? ಅಪ್ಪಂದಾದ್ರೆ ನಂಗ್ಬೇಡ" ಎಂದಳು. ನೀನು ಅಲ್ಲೇ ಬೂಟು ಹಾಕಿಕೊಳ್ಳುತ್ತಿದ್ದೆ, ಕೇಳಿಸಿಕೊಂಡೆಯೋ ಇಲ್ಲವೋ ಗೊತ್ತಿಲ್ಲ. ನಾನು "ನಂದೇ, ತಗೊಂಡ್ಹೋಗು" ಎಂದೆ. ಆಸ್ಪತ್ರೆಯಲ್ಲಿ ನಾನಲ್ಲ ಎನ್ನಲು ನನಗೆ ಬಾಯಿ ಬಾರದಿದ್ದದ್ದು ಅದಕ್ಕೆ, ನಿನ್ನ ಮಾನಕ್ಕಲ್ಲ. ಇಪ್ಪತ್ಮೂರರ ಶನಿವಾರ, ನಾನು ಬಿಟ್ಟ ಊರು ಶೆರಿಡನ್ನಿಗೆ ಬಂದು ನನ್ನ ಪಾಲಿನದನ್ನು ಅವಳಿಗೆ ಹೇಳುತ್ತೇನೆ. ಆಮೇಲೆ ಅವಳು ನಮ್ಮಿಬ್ಬರ ಮುಖವನ್ನೂ ನೋಡದಿದ್ದರೆ ಬೇಡ. ಎಡಗೈಯಾದರೂ ಅವಳಿಗಿರಲಿ.